ಹಲವು ಸರ್ವರುಗಳನ್ನು ಒಟ್ಟಿಗೆ ಹೊಂದಿಸುವ ಆನ್ಸಿಬಲ್‌ನಲ್ಲಿ ಫೋಲ್ಡರುಗಳಿಗೆ 0755, ಒಳಗಿನ ಫೈಲುಗಳಿಗೆ 0644 ಒಂದೇ ಟಾಸ್ಕಿನಲ್ಲಿ ಕೊಡೋದು ಹೇಗೆ?

ಕೊಡಬಹುದು, ಆದರೆ ನಂಬರಿನಲ್ಲಿ ಅಲ್ಲ. 0755 ಅಂದರೆ ಓನರಿಗೆ ಓದು, ಬರಹ, ಎಕ್ಸಿಕ್ಯೂಟ್ ಮೂರೂ, ಉಳಿದವರಿಗೆ ಓದು ಮತ್ತು ಎಕ್ಸಿಕ್ಯೂಟ್. 0644 ಅಂದರೆ ಓನರಿಗೆ ಓದು, ಬರಹ, ಉಳಿದವರಿಗೆ ಓದು ಮಾತ್ರ. ಫೈಲ್ ಮಾಡ್ಯೂಲಿನಲ್ಲಿ ರಿಕರ್ಸ್ (ಒಳಗಿರುವ ಎಲ್ಲದಕ್ಕೂ ಅನ್ವಯಿಸುವ ಆಯ್ಕೆ) ಹಾಕಿ 0644 ಕೊಟ್ಟರೆ ಅದು ಫೋಲ್ಡರುಗಳಿಗೂ ಬೀಳುತ್ತದೆ. ಫೋಲ್ಡರಿಗೆ ಎಕ್ಸಿಕ್ಯೂಟ್ ಬಿಟ್ ಅಂದರೆ ಒಳಗೆ ಹೋಗಲು ಅನುಮತಿ. ಅದು ಹೋದರೆ ವೆಬ್ ಸರ್ವರ್ 403 (ಪ್ರವೇಶವಿಲ್ಲ) ಅನ್ನುತ್ತದೆ. 0755 ಕೊಟ್ಟರೆ ಸೈಟ್ ಓಡುತ್ತದೆ, ಆದರೆ ಸುಮ್ನೆ ಇರೋ ಚಿತ್ರ, ಕಾನ್ಫಿಗ್ ಫೈಲುಗಳೆಲ್ಲ ಎಕ್ಸಿಕ್ಯೂಟಬಲ್, ಅಂದರೆ ಪ್ರೋಗ್ರಾಂನಂತೆ ಓಡಿಸಬಹುದಾದವು ಆಗಿಬಿಡುತ್ತವೆ.

ಮೋಡನ್ನು, ಅಂದರೆ ಈ ಅನುಮತಿಗಳನ್ನು, ಅಕ್ಷರಗಳಲ್ಲಿ ಬರೆಯಿರಿ. ಓನರಿಗೆ ಆರ್ (ಓದು), ಡಬ್ಲ್ಯು (ಬರಹ) ಮತ್ತು ದೊಡ್ಡಕ್ಷರದ ಎಕ್ಸ್ (ಎಕ್ಸಿಕ್ಯೂಟ್). ಗ್ರೂಪಿಗೂ ಉಳಿದವರಿಗೂ ಆರ್ ಮತ್ತು ಅದೇ ದೊಡ್ಡ ಎಕ್ಸ್. ಸ್ಟೇಟ್ ಡೈರೆಕ್ಟರಿ ಎಂದೇ ಇರಬೇಕು, ಇಲ್ಲದಿದ್ದರೆ ರಿಕರ್ಸ್ ನಡೆಯುವುದಿಲ್ಲ. ಚಿಕ್ಕ ಎಕ್ಸ್ ಎಲ್ಲದಕ್ಕೂ ಬೀಳುತ್ತದೆ. ದೊಡ್ಡ ಎಕ್ಸ್ ಫೋಲ್ಡರುಗಳಿಗೆ, ಮತ್ತು ಮೊದಲೇ ಎಕ್ಸಿಕ್ಯೂಟ್ ಬಿಟ್ ಇರುವ ಫೈಲುಗಳಿಗೆ ಮಾತ್ರ.

ಜಾಸ್ತಿ ಜನ ಎಡವುವುದು ಈ ಎರಡನೇ ಭಾಗದಲ್ಲೇ. ಯಾರೋ ಹಿಂದೆ ಇಡೀ ಫೋಲ್ಡರಿಗೆ 777 (ಎಲ್ಲರಿಗೂ ಎಲ್ಲ ಅನುಮತಿ) ಹೊಡೆದಿದ್ದರೆ ಫೈಲುಗಳಲ್ಲಿ ಆಗಲೇ ಆ ಬಿಟ್ ಇರುತ್ತದೆ ಅಲ್ವಾ, ದೊಡ್ಡ ಎಕ್ಸ್ ಅದನ್ನು ಹಾಗೇ ಉಳಿಸುತ್ತದೆ. ಅಂಥ ಕಡೆ ಒಮ್ಮೆ ಫೈಂಡ್ ಕಮಾಂಡಿನಲ್ಲಿ ಟೈಪ್ ಎಫ್ ಹಾಕಿ, ಸಿಕ್ಕಿದ ಫೈಲುಗಳಿಗೆ ಸಿಎಚ್‌ಮಾಡ್ 0644 ಮಾಡಿ. ಬೇಕಾದ ಸ್ಕ್ರಿಪ್ಟುಗಳಿಗೆ ಆಮೇಲೆ ಬೇರೆ ಟಾಸ್ಕಿನಲ್ಲಿ 0755 ಕೊಡಿ. ನಂಬರ್ ಬರೆಯುವಾಗ ಮೊದಲಿನ ಸೊನ್ನೆ ಬಿಡಬೇಡಿ, ಕೋಟ್ಸ್ ಒಳಗೇ ಇಡಿ.

ಇಂಥದೇ ಇನ್ನೊಂದು ಸಾಧನ ಪಪೆಟ್‌ನಲ್ಲಿ ಈ ತಲೆನೋವಿಲ್ಲ. ನಂಬರಿನಲ್ಲಿ 0644 ಕೊಟ್ಟರೂ, ಓದುವ ಅನುಮತಿ ಇರುವ ಕಡೆಯೆಲ್ಲ ಫೋಲ್ಡರುಗಳಿಗೆ ಎಕ್ಸಿಕ್ಯೂಟ್ ಬಿಟ್ಟನ್ನು ಅದೇ ಸೇರಿಸುತ್ತದೆ. ಮತ್ತೊಂದು ಸಾಧನ ಷೆಫ್ ಉಲ್ಟಾ: ಡೈರೆಕ್ಟರಿ ರಿಸೋರ್ಸಿನಲ್ಲಿ ರಿಕರ್ಸಿವ್ ಹಾಕಿದರೂ ಮೋಡ್ ತಗಲುವುದು ಪಾತ್‌ನ ಕೊನೆಯ ಫೋಲ್ಡರಿಗೆ ಮಾತ್ರ.