ಹಗಲಿಗೆ ಕನ್ನಡಕ, ವೇಷಕ್ಕೆ ಲೆನ್ಸ್: ಒಂದು ಆಪ್ತಸಲಹೆ ಪ್ರಕರಣ

ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ ನಮ್ಮ ಕಣ್ಣಿನ ಚಿಕಿತ್ಸಾಲಯದ ಆಪ್ತಸಲಹೆಗೆ 26 ವರ್ಷದ ಯುವಕರೊಬ್ಬರು ಬಂದರು. ಹಗಲು ಪ್ರೌಢಶಾಲೆಯಲ್ಲಿ ಶಿಕ್ಷಕರು. ನವೆಂಬರ್‌ನಿಂದ ಮೇ ತಿಂಗಳವರೆಗೆ ಸರಿಸುಮಾರು ವಾರಕ್ಕೊಂದು ರಾತ್ರಿ ಹವ್ಯಾಸಿ ತಂಡವೊಂದರಲ್ಲಿ ಬಡಗುತಿಟ್ಟಿನ ಯಕ್ಷಗಾನಕ್ಕೆ ವೇಷ ಕಟ್ಟುವವರು, ಅದರಲ್ಲೂ ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರ ವೇಷ. ಅವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಚೀಟಿಯಲ್ಲಿ ಬಲಗಣ್ಣಿಗೆ ಮೈನಸ್ 5.00, ಸಿಲಿಂಡರ್ ಮೈನಸ್ 1.75, ಅಕ್ಷ (ಸಿಲಿಂಡರ್ ನಿಲ್ಲುವ ಕೋನ) 180 ಎಂದೂ ಎಡಗಣ್ಣಿಗೆ ಮೈನಸ್ 4.25, ಸಿಲಿಂಡರ್ ಮೈನಸ್ 0.75, ಅಕ್ಷ 170 ಎಂದೂ ಇತ್ತು. ಅಂದರೆ ಸಮೀಪದೃಷ್ಟಿಯ ಜೊತೆಗೆ ಅಸಮದೃಷ್ಟಿ, ಜನ ಸಾಮಾನ್ಯವಾಗಿ ‘ಸಿಲಿಂಡರ್ ಪವರ್’ ಎನ್ನುವುದು. “ಕನ್ನಡಕ ಪೂರ್ತಿ ಬಿಟ್ಟು ಲೆನ್ಸ್ ಹಾಕಬೇಕೆಂದು ನಿರ್ಧರಿಸಿದ್ದೇನೆ, ಆದರೆ ನನ್ನ ಕಣ್ಣಿಗೆ ಲೆನ್ಸ್ ಒಗ್ಗುತ್ತಿಲ್ಲ” ಎಂದು ಅವರು ಮಾತು ಆರಂಭಿಸಿದರು.

ಕನ್ನಡಕ ಒಳ್ಳೆಯದೋ ಲೆನ್ಸ್ ಒಳ್ಳೆಯದೋ ಎಂಬ ಚರ್ಚೆಗೆ ನಾನು ಆಗಲೇ ಇಳಿಯಲಿಲ್ಲ. ಆಟವಿದ್ದ ಒಂದು ದಿನವನ್ನು ಬೆಳಿಗ್ಗೆಯಿಂದ ಮರುದಿನ ಬೆಳಗಿನವರೆಗೆ ಗಂಟೆಗಂಟೆಗೆ ವಿವರಿಸುವಂತೆ ಕೇಳಿದೆ. ಆ ವಿವರಣೆಯಲ್ಲಿಯೇ ಅವರ ತೊಂದರೆಯ ಮೂಲ ಸಿಕ್ಕಿತು. ಹಿಂದಿನ ವರ್ಷದ ಆಟಗಳು ನಡೆಯುತ್ತಿದ್ದಾಗ ಯಾರ ಪರೀಕ್ಷೆಯೂ ಇಲ್ಲದೆ ಅಂತರ್ಜಾಲದಲ್ಲಿ ಲೆನ್ಸ್ ತರಿಸಿಕೊಂಡಿದ್ದರು; ಚೀಟಿಯ ಮೊದಲ ಅಂಕಿಯನ್ನಷ್ಟೇ ನಮೂದಿಸಿದ್ದರಿಂದ ಸಿಲಿಂಡರ್ ಇಲ್ಲದ ಸಾದಾ ಲೆನ್ಸ್ ಬಂದಿತ್ತು. ಅದನ್ನು ಹಾಕಿಕೊಂಡು ಕುಣಿಯುವಾಗ ದೀಪಗಳು ಮೇಲಕ್ಕೂ ಕೆಳಕ್ಕೂ ಎಳೆದಂತೆ ಕಾಣುತ್ತಿದ್ದವು, ರಂಗಸ್ಥಳದ ಮುಂಭಾಗದ ಅಂಚು ಕರಗಿಹೋಗುತ್ತಿತ್ತು, ಒಮ್ಮೆ ಮಂಡಿ ಕುಣಿತದಲ್ಲಿ ಅಂಚಿಗೆ ಒಂದು ಗೇಣು ಉಳಿದಾಗ ಭಾಗವತರು ತಾಳ ತಟ್ಟಿ ಎಚ್ಚರಿಸಿದ್ದರು. ಇದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು. ತನ್ನ ಕಣ್ಣೇ ಕೆಟ್ಟದ್ದು, ಇನ್ನು ವೇಷ ಬಿಡಬೇಕಾದೀತು ಎಂಬ ಭಯವನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಭಯಕ್ಕೆ ಸಮಾಧಾನಕ್ಕಿಂತ ವಿವರಣೆ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅನುಭವ. ಆದ್ದರಿಂದ ಒಂದು ಚಮಚ ತಂದು ತೋರಿಸಿದೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಚೆಂಡಿನಂತೆ ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಬಾಗಿರದೆ ಚಮಚದ ಬೆನ್ನಿನಂತೆ ಒಂದು ದಿಕ್ಕಿನಲ್ಲಿ ಹೆಚ್ಚು, ಅದಕ್ಕೆ ಅಡ್ಡಲಾಗಿ ಕಡಿಮೆ ಬಾಗಿರುವುದೇ ಅಸಮದೃಷ್ಟಿಗೆ ಸಾಮಾನ್ಯ ಕಾರಣ. ಅವರ ಬಲಗಣ್ಣಿಗೆ ಮೇಲೆ-ಕೆಳಗಿನ ದಿಕ್ಕಿನಲ್ಲಿ ಹೆಚ್ಚುವರಿಯಾಗಿ 1.75 ತಿದ್ದುಪಡಿ ಬೇಕಿತ್ತು. ಸಾದಾ ಲೆನ್ಸ್ ಅದನ್ನು ಮುಟ್ಟಲೇ ಇಲ್ಲ. ಹಾಗಾಗಿ ಪ್ರತಿ ಬೆಳಕಿನ ಬಿಂದುವೂ ಲಂಬವಾಗಿ ಹರಡುತ್ತಿತ್ತು, ಲಂಬವಾಗಿ ಹರಡಿದಾಗ ಮೊದಲು ಅಳಿಸಿಹೋಗುವುದು ಅಡ್ಡಗೆರೆಗಳು. ರಂಗಸ್ಥಳದ ಅಂಚು ಅಡ್ಡಗೆರೆಯೇ ಅಲ್ಲವೇ? “ಹಾಗಾದರೆ ಕಂಬಗಳು ಸರಿಯಾಗಿ ಕಾಣುತ್ತಿದ್ದುದು ಇದಕ್ಕೇ” ಎಂದು ಅವರೇ ಸೇರಿಸಿದರು. ಬ್ರಿಟಿಷ್ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ ಇದೇ ದೋಷ ತನ್ನ ಕಣ್ಣಿನಲ್ಲಿದ್ದುದನ್ನು ತಾನೇ ಅಳೆದು, ಅದಕ್ಕೆ ಸಿಲಿಂಡರ್ ಗಾಜು ಮಾಡಿಸಿಕೊಂಡು, 1825ರಲ್ಲಿ ಆ ವಿಷಯವನ್ನು ವಿದ್ವಾಂಸರ ಮುಂದಿಟ್ಟ ಸಂಗತಿಯನ್ನೂ ಹೇಳಿದೆ. ದೋಷವನ್ನು ಅಳೆಯಬಹುದು, ಅಳೆದದ್ದನ್ನು ತಿದ್ದಬಹುದು ಎಂಬುದು ಅವರಿಗೆ ಅಂದು ಬೇಕಾಗಿದ್ದ ಮಾತಾಗಿತ್ತು.

ಆದರೆ ಸಲಹೆಗೆ ಮೊದಲು ಒಂದು ಅನುಮಾನ ತೀರಬೇಕಿತ್ತು. ಎರಡು ವರ್ಷಗಳಲ್ಲಿ ಅವರ ಸಿಲಿಂಡರ್ ಅರ್ಧ ಅಂಕದಷ್ಟು ಏರಿತ್ತು, ಮಾತಿನ ನಡುವೆ ಎರಡು ಬಾರಿ ಅಂಗೈಯಿಂದ ಕಣ್ಣುಜ್ಜಿದ್ದನ್ನು ನಾನು ಗಮನಿಸಿದ್ದೆ. ಹರೆಯದಲ್ಲಿ ಸಿಲಿಂಡರ್ ಏರುತ್ತಿದ್ದು ಕಣ್ಣುಜ್ಜುವ ಅಭ್ಯಾಸವೂ ಇದ್ದರೆ ಕೆರಟೋಕೋನಸ್, ಅಂದರೆ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಬರುವ ಕಾಯಿಲೆ, ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಲೆನ್ಸ್ ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ಒತ್ತಿ ಬದಲಿಸುವುದರಿಂದ ಎರಡು ವಾರ ಲೆನ್ಸ್ ಬಿಟ್ಟು ಬರಲು ವೈದ್ಯರು ತಿಳಿಸಿ, ಆಮೇಲೆ ಕಾರ್ನಿಯಾದ ನಕ್ಷೆ ತೆಗೆದರು. ಶಂಕುವಿನ ಲಕ್ಷಣ ಇರಲಿಲ್ಲ. ಅಲರ್ಜಿಯ ತುರಿಕೆ ಇತ್ತು, ಅದಕ್ಕೆ ಔಷಧಿ ಬಿತ್ತು. ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನೂ ನೋಡಿದರು, ಏಕೆಂದರೆ ಮೈನಸ್ ಹೆಚ್ಚಿರುವ ಕಣ್ಣು ಉದ್ದವಾಗಿ ಬೆಳೆದಿರುತ್ತದೆ, ಒಳಪದರ ಎಳೆತಕ್ಕೆ ಸಿಕ್ಕಿ ಹರಿದುಹೋಗುವ ಅಪಾಯವಿರುತ್ತದೆ. ಕನ್ನಡಕವಾಗಲಿ ಲೆನ್ಸ್ ಆಗಲಿ ಆ ಅಪಾಯವನ್ನು ತಗ್ಗಿಸುವುದಿಲ್ಲ. ಕಣ್ಣೊಳಗೆ ಮಿಂಚು ಹೊಡೆದಂತಾದರೆ, ಹಠಾತ್ತನೆ ಕಪ್ಪು ಚುಕ್ಕೆಗಳ ಮಳೆ ಕಂಡರೆ ಅಂದೇ ಬರಬೇಕೆಂದು ತಿಳಿಸಿದೆವು.

ಇದಾದ ಮೇಲೆ ನಾನು ಕೊಟ್ಟ ಸಲಹೆ ಅವರು ನಿರೀಕ್ಷಿಸಿದ್ದಾಗಿರಲಿಲ್ಲ: ಕನ್ನಡಕವನ್ನು ಬಿಡಬೇಡಿ, ಅದನ್ನೇ ಮುಖ್ಯವಾಗಿಟ್ಟುಕೊಂಡು ಆಟದ ರಾತ್ರಿಗಳಿಗೆ ಮಾತ್ರ ದಿನಕ್ಕೊಮ್ಮೆ ಬಳಸಿ ಎಸೆಯುವ ಟೋರಿಕ್ ಲೆನ್ಸ್, ಅಂದರೆ ಸಿಲಿಂಡರನ್ನೂ ತಿದ್ದುವ ಲೆನ್ಸ್, ಹಾಕಿ. ಸೀಮೆಸುಣ್ಣದ ಪುಡಿ, ನೆತ್ತಿಯ ಮೇಲಿನ ಫ್ಯಾನು, ಸಂಜೆ ಉತ್ತರಪತ್ರಿಕೆ ತಿದ್ದುವ ಎರಡು ಗಂಟೆ, ಇವುಗಳಲ್ಲಿ ಲೆನ್ಸ್‌ನಿಂದ ಅವರಿಗೆ ಲಾಭವಿರಲಿಲ್ಲ, ಕಣ್ಣೊಣಗುವುದು ಮಾತ್ರ ಖಚಿತವಾಗಿತ್ತು. ಅವರ ಕನ್ನಡಕದ ಬಗ್ಗೆ ಇದ್ದ ತಲೆನೋವಿನ ದೂರಿಗೂ ಕಾರಣ ಮುಖದ ಮೇಲೆಯೇ ಕಾಣುತ್ತಿತ್ತು: ಮಲಗಿ ಓದುವ ಅಭ್ಯಾಸದಿಂದ ಫ್ರೇಮ್ ಒಂದು ಬದಿಗೆ ವಾಲಿತ್ತು. ಸಿಲಿಂಡರ್ ಇರುವವರ ಫ್ರೇಮ್ ಓರೆಯಾದರೆ ಅಕ್ಷವೂ ಓರೆಯಾಗುತ್ತದೆ. ಚಿಕ್ಕ ಫ್ರೇಮ್, 1.67 ಸೂಚ್ಯಂಕದ ತೆಳುಗಾಜು, ಪಾಪೆಗಳ ನಡುವಿನ ಅಂತರದ ಸರಿಯಾದ ಅಳತೆ, ಇಷ್ಟರಿಂದಲೇ ಹಗಲಿನ ತೊಂದರೆ ಬಹುಪಾಲು ಕಳೆಯಿತು.

ಲೆನ್ಸ್ ಆಯ್ಕೆಗೆ ಹೆಚ್ಚು ತಾಳ್ಮೆ ಬೇಕಾಯಿತು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರವಿರುತ್ತದೆ, ಲೆನ್ಸ್ ಕಣ್ಣಿಗೇ ಅಂಟಿರುತ್ತದೆ; ಆದುದರಿಂದ ಮೈನಸ್ ನಾಲ್ಕು ದಾಟಿದ ಮೇಲೆ ಕನ್ನಡಕದ ಅಂಕಿಯನ್ನು ಹಾಗೆಯೇ ಲೆನ್ಸ್‌ಗೆ ಬರೆಯುವಂತಿಲ್ಲ. ಅವರ ಬಲಗಣ್ಣಿನ 5.00 ಲೆನ್ಸ್‌ನಲ್ಲಿ 4.75 ಆಯಿತು. ಅದಕ್ಕಿಂತ ಮುಖ್ಯವಾದುದು ಲೆನ್ಸ್ ತಿರುಗದೆ ನಿಲ್ಲುವುದು. ಟೋರಿಕ್ ಲೆನ್ಸ್ ಹತ್ತು ಡಿಗ್ರಿ ತಿರುಗಿದರೆ ಸಿಲಿಂಡರ್ ತಿದ್ದುಪಡಿಯ ಸುಮಾರು ಮೂರರಲ್ಲೊಂದು ಪಾಲು ನಷ್ಟವಾಗುತ್ತದೆ, ಮೂವತ್ತು ಡಿಗ್ರಿ ತಿರುಗಿದರೆ ಹಾಕಿಯೂ ಹಾಕದಂತೆ. ಕುರ್ಚಿಯಲ್ಲಿ ಕುಳಿತು ಫಲಕದ ಅಕ್ಷರ ಓದಿಸಿದರೆ ಕುಣಿಯುವವರಿಗೆ ಅದು ಪರೀಕ್ಷೆಯೇ ಅಲ್ಲ. ನಮ್ಮ ಆಪ್ಟೊಮೆಟ್ರಿಸ್ಟ್ (ದೃಷ್ಟಿ ಪರೀಕ್ಷಕರು) ಆ ಯುವಕರನ್ನು ಪಡಸಾಲೆಗೆ ಕರೆದೊಯ್ದು ನಾಲ್ಕು ಸುತ್ತು ಕುಣಿಸಿ, ಕೂಡಲೇ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಲೆನ್ಸ್ ಮೇಲಿನ ಗುರುತು ಎಲ್ಲಿದೆಯೆಂದು ನೋಡಿದರು. ಮೊದಲ ಲೆನ್ಸ್ ವಾಲಿತ್ತು, ಬೇರೆ ವಿನ್ಯಾಸದ ಎರಡನೆಯದು ನೆಟ್ಟಗೆ ನಿಂತಿತು. ಗಟ್ಟಿ ಲೆನ್ಸ್‌ನಲ್ಲಿ ಕಣ್ಣೀರಿನ ಪದರವೇ ಕಾರ್ನಿಯಾದ ಏರುತಗ್ಗನ್ನು ತುಂಬಿ ನೋಟ ಇನ್ನಷ್ಟು ನಿಚ್ಚಳವಾಗುತ್ತದೆ ನಿಜ, ಆದರೆ ಅದಕ್ಕೆ ಕಣ್ಣು ಪಳಗಬೇಕಾದರೆ ನಿತ್ಯ ಹಾಕಬೇಕು. ವಾರಕ್ಕೊಂದು ರಾತ್ರಿಯವರಿಗೆ ಅದು ಹೊಂದುವುದಿಲ್ಲ.

ದಿನಬಳಕೆಯ ಟೋರಿಕ್ ಲೆನ್ಸ್ ಸಾದಾ ಲೆನ್ಸ್‌ಗಿಂತ ದುಬಾರಿ ಎಂದು ಅವರು ಹಿಂಜರಿದರು. ಒಂದು ತಿರುಗಾಟಕ್ಕೆ, ಅಂದರೆ ವರ್ಷದ ಆಟಗಳ ಅವಧಿಗೆ, ಎಷ್ಟು ಆಟ ಎಂದು ಎಣಿಸಿದಾಗ ಸುಮಾರು ಮೂವತ್ತು ಬಂತು. ಅಂದರೆ ಒಂದೊಂದು ಕಣ್ಣಿಗೆ ಮೂವತ್ತರ ಒಂದೊಂದು ಡಬ್ಬಿ. ದ್ರಾವಣ, ಲೆನ್ಸ್ ಪೆಟ್ಟಿಗೆಗಳ ಖರ್ಚೂ ಇಲ್ಲ.

ನನಗೆ ನಿಜವಾದ ಚಿಂತೆ ಇದ್ದುದು ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಬಗ್ಗೆ. ಹಳೆಯ ಲೆನ್ಸ್ ಅನ್ನು ಅವರು ಬಕೆಟ್ಟಿನ ನೀರಿನಲ್ಲಿ ತೊಳೆದಿದ್ದರು, ಆಟ ಮುಗಿಸಿ ಬರುವ ಬಸ್ಸಿನಲ್ಲಿ ಹಾಕಿಕೊಂಡೇ ನಿದ್ದೆ ಮಾಡಿದ್ದರು, ತೆಂಗಿನೆಣ್ಣೆಯಲ್ಲಿ ಬಣ್ಣ ತೆಗೆದ ಕೈಯಿಂದಲೇ ಲೆನ್ಸ್ ತೆಗೆದಿದ್ದರು. ಒಮ್ಮೆ ಕಣ್ಣು ಕೆಂಪಾದಾಗ ಮನೆಯವರು ನಂದಿಬಟ್ಟಲು ಹೂವಿಟ್ಟು ಕಟ್ಟಿದ್ದರು. ಬಾವಿಯ ನೀರಾಗಲಿ ನಲ್ಲಿಯ ನೀರಾಗಲಿ, ಅದರಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಲೆನ್ಸ್ ಅಡಿ ಸಿಕ್ಕಿ ಅದು ಕಾರ್ನಿಯಾಕ್ಕೆ ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ, ದೃಷ್ಟಿಯೇ ಹೋಗಬಹುದು. ಹೀಗಾಗಿ ಕ್ರಮವನ್ನು ಇಬ್ಬರೂ ಕೂತು ಬರೆದೆವು. ಬಣ್ಣ ಹಚ್ಚುವ ಮೊದಲೇ ಸೋಪಿನಿಂದ ಕೈ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ ಲೆನ್ಸ್ ಹಾಕುವುದು; ಕಾಡಿಗೆಯನ್ನು ರೆಪ್ಪೆಯ ಹೊರ ಅಂಚಿಗೆ ಮಾತ್ರ ಎಳೆಯುವುದು; ಆಟ ಮುಗಿದ ಮೇಲೆ ಎಣ್ಣೆ ಮುಟ್ಟುವ ಮೊದಲೇ ಲೆನ್ಸ್ ತೆಗೆದು ಎಸೆಯುವುದು; ಕನ್ನಡಕ ಹಾಕಿಕೊಂಡೇ ಬಸ್ಸು ಹತ್ತುವುದು. ನೋವು, ಕೆಂಪು, ಬೆಳಕು ನೋಡಲಾಗದಿರುವುದು, ಮಸುಕು, ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆದು ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಹೂವು, ಹರಳೆಣ್ಣೆ ಬೇಡ. ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ಸ್ಟೀರಾಯ್ಡ್ ಹನಿಗಳಂತೂ ಬೇಡವೇ ಬೇಡ, ಶಿಲೀಂಧ್ರದ ಸೋಂಕಿದ್ದರೆ ಅವು ಅದನ್ನು ಬೆಳೆಸುತ್ತವೆ.

ಅವರ ತಂದೆ ಎರಡನೆಯ ಭೇಟಿಗೆ ಜೊತೆಯಲ್ಲಿ ಬಂದಿದ್ದರು. ಕುಣಿಯುವಾಗ ಲೆನ್ಸ್ ಕಣ್ಣಿನ ಹಿಂದೆ ಹೋಗಿ ಸೇರಿಕೊಂಡರೆ ಎಂಬುದು ಅವರ ಆತಂಕ. ಕಣ್ಣಿನ ಬಿಳಿಭಾಗವನ್ನು ಹೊದೆದ ಪೊರೆಯೇ ಮಡಿಚಿ ರೆಪ್ಪೆಯ ಒಳಮೈಯಾಗುವುದರಿಂದ ಹಿಂದಕ್ಕೆ ದಾರಿಯೇ ಇಲ್ಲವೆಂದು ಚಿತ್ರ ಬರೆದು ತೋರಿಸಿದ ಮೇಲೆ ಅವರು ನಿರಾಳರಾದರು. ಲೇಸರ್ ಚಿಕಿತ್ಸೆಯ ಮಾತೂ ಬಂತು. ಕನಿಷ್ಠ ಒಂದು ವರ್ಷ ಪವರ್ ಬದಲಾಗದೆ ನಿಲ್ಲಲಿ, ಆಮೇಲೆ ಮಾತಾಡೋಣ ಎಂದೆ.

ಮೇ ತಿಂಗಳ ಕೊನೆಗೆ ಅವರು ಮರುಪರೀಕ್ಷೆಗೆ ಬಂದಾಗ ಸಿಲಿಂಡರ್ ಏರಿರಲಿಲ್ಲ, ಕಣ್ಣುಗಳು ತಿಳಿಯಾಗಿದ್ದವು. ಒಂದು ತೊಡಕು ಮಾತ್ರ ಉಳಿದಿತ್ತು: ವೇಷ ಎರಡನೆಯ ಪ್ರಸಂಗಕ್ಕಿದ್ದರೆ ಬಣ್ಣದ ಸಮಯವೂ ಸೇರಿ ಲೆನ್ಸ್ ಎಂಟು ಗಂಟೆ ಕಣ್ಣಲ್ಲಿರುತ್ತಿತ್ತು, ಕೊನೆಯ ಪದ್ಯಗಳ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಲೆನ್ಸ್ ಮೇಲೆಯೇ ಹಾಕಬಹುದಾದ, ಸಂರಕ್ಷಕವಿಲ್ಲದ ಹನಿಗಳನ್ನು ವೈದ್ಯರು ಬರೆದುಕೊಟ್ಟರು. ಮುಂದಿನ ತಿರುಗಾಟದಲ್ಲಿ ಮೊದಲ ಪ್ರಸಂಗದ ವೇಷವನ್ನೇ ಕೊಡುವಂತೆ ಭಾಗವತರನ್ನು ಕೇಳುವುದಾಗಿ ಹೇಳಿ ಅವರು ಹೊರಟರು.