ಬಿಸಿಎ ಲ್ಯಾಬ್‌ನಲ್ಲಿ ಕಲಿತದ್ದು ಕೆಲಸಕ್ಕೆ ಬರುವುದಿಲ್ಲವೇ? ಪದವಿ ಬಿಟ್ಟು ಬೆಂಗಳೂರಿನ ಕೋರ್ಸ್ ಸೇರಲೇ?

‘ಕಾಲೇಜು ಕಲಿಸುವುದಿಲ್ಲ, ಲ್ಯಾಬ್ ಹಳತು, ಸಾಲ ಮಾಡಿಯಾದರೂ ಕೋರ್ಸ್ ಸೇರಲೇ’ ಎಂದು ಕೇಳಿದ್ದೀರಿ. ಮಂಡ್ಯದಲ್ಲಿ ಬಿಸಿಎ ಕೊನೆಯ ವರ್ಷ ಓದುವಾಗ ನಾನೂ ಇದನ್ನೇ ಕೇಳುತ್ತಾ ತಿರುಗಿದವನು. ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು ಓಡಿಸುವ ಹಳೆಯ ತಂತ್ರಾಂಶ ಟರ್ಬೋ ಸಿಯ ನೀಲಿ ಪರದೆ, ಒಂದು ಕಂಪ್ಯೂಟರಿಗೆ ಮೂವರು. ರೆಕಾರ್ಡ್ ಪುಸ್ತಕದ ಪ್ರೋಗ್ರಾಮ್‌ಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಚೀಟಿಗೆ ಬಂದದ್ದನ್ನು ಬರೆದು ಪಾಸಾದೆ.

2014ರಲ್ಲಿ ಮೈಸೂರಿನ ಹೆಬ್ಬಾಳದ ಸಣ್ಣ ಕಂಪನಿಯೊಂದು ಕೆಲಸ ಕೊಟ್ಟಿತು. ಹಾಲಿನ ಡೇರಿಗಳ ಲೆಕ್ಕದ ತಂತ್ರಾಂಶ: ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ (ಹಾಲಿನ ಜಿಡ್ಡಿನ ಅಂಶ) ಎಷ್ಟು ಬಂತು, ಬಟವಾಡೆ ಎಷ್ಟು.

ಮೂರನೆಯ ತಿಂಗಳು, ಮದ್ದೂರು ಕಡೆಯ ಡೇರಿಯಲ್ಲಿ ಒಬ್ಬ ರೈತರ ಫ್ಯಾಟ್ ಅನ್ನು 4.2 ಎಂದು ತಿದ್ದಬೇಕಿತ್ತು. ದಾಖಲೆ ತಿದ್ದುವ ಅಪ್‌ಡೇಟ್ ಆಜ್ಞೆಯನ್ನು ಎರಡು ಸಾಲಿನಲ್ಲಿ ಬರೆದೆ. ಮೊದಲ ಸಾಲಿನಲ್ಲಿ 4.2. ಎರಡನೆಯದರಲ್ಲಿ ‘ವೇರ್’, ಅಂದರೆ ಯಾರದ್ದು, ಯಾವ ದಿನದ್ದು ಎಂಬ ಷರತ್ತು. ಮೌಸ್‌ನಿಂದ ಮೊದಲ ಸಾಲನ್ನಷ್ಟೇ ಆಯ್ದು ಓಡಿಸಿಬಿಟ್ಟೆ. ಷರತ್ತಿಲ್ಲದ ಅಪ್‌ಡೇಟ್ ಕೋಷ್ಟಕದ ಎಲ್ಲ ಸಾಲುಗಳನ್ನೂ ತಿದ್ದುತ್ತದೆ. ಎಮ್ಮೆ ಹಾಲು ಹಾಕುವವರದ್ದೂ ಸೇರಿ ಎಲ್ಲರ ಫ್ಯಾಟ್ 4.2 ಆಯಿತು. ಈ ದಾಖಲೆಗಳನ್ನು ಇಟ್ಟುಕೊಂಡಿದ್ದ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯುಎಲ್, ನಾವು ಬೇಡವೆನ್ನದಿದ್ದರೆ, ಪ್ರತಿ ಆಜ್ಞೆಯನ್ನೂ ಆ ಕ್ಷಣವೇ ಕಾಯಂ ಮಾಡುತ್ತದೆ. ಮೊದಲು ‘ಸ್ಟಾರ್ಟ್ ಟ್ರಾನ್ಸಾಕ್ಷನ್’ ಎಂದು ಬರೆದಿದ್ದರೆ, ಎಷ್ಟು ಸಾಲು ಬದಲಾದವೆಂದು ನೋಡಿ, ಒಂದಕ್ಕಿಂತ ಹೆಚ್ಚಿದ್ದರೆ ‘ರೋಲ್‌ಬ್ಯಾಕ್’, ಅಂದರೆ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೋ, ಎಂದರೆ ಮುಗಿಯುತ್ತಿತ್ತು. ಬ್ಯಾಕಪ್ ತೆಗೆದು ತಿಂಗಳಾಗಿತ್ತು.

‘ನಾಳೆ ಬಟವಾಡೆ ಕಣಪ್ಪ, ಹಸುವಿನ ಸಾಲದ ಕಂತು ಕಟ್ಟುವವರಿದ್ದಾರೆ’ ಎಂದರು ಡೇರಿ ಕಾರ್ಯದರ್ಶಿ. ಕೈಬರಹದ ಪುಸ್ತಕವನ್ನು ಅವರು ಬಿಟ್ಟಿರಲಿಲ್ಲ. ಬೆಳಗಿನವರೆಗೆ ಅವರು ಓದುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ಹಣ ಸರಿಯಾಗಿ ಹೋಯಿತು; ನನ್ನ ಕೆಲಸ ಕಾಯಂ ಆಗಲಿಲ್ಲ.

ರೋಲ್‌ಬ್ಯಾಕ್ ಎಂದರೇನೆಂದು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ, ಪೂರ್ಣ ಅಂಕವೂ ಬಂದಿತ್ತು. ಆದ್ದರಿಂದ ‘ಕಾಲೇಜು ಕಲಿಸುವುದಿಲ್ಲ’ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಲ್ಯಾಬ್ ಹಳತು ಎಂಬ ದೂರು ನಿಜ: ಟರ್ಬೋ ಸಿಯಲ್ಲಿ ಪೂರ್ಣಾಂಕ ಇಡುವ ‘ಇಂಟ್’ಗೆ ಎರಡೇ ಬೈಟ್ ಜಾಗ, 32767 ದಾಟಿದರೆ ಲೆಕ್ಕ ಕೆಡುತ್ತದೆ; ಇಂದಿನ ಕಂಪೈಲರ್‌ಗಳಲ್ಲಿ (ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ತಂತ್ರಾಂಶ) ಸಾಮಾನ್ಯವಾಗಿ ನಾಲ್ಕು ಬೈಟ್. ಆದರೆ ನನ್ನನ್ನು ಕೆಡವಿದ್ದು ಅದಲ್ಲ. ಕಲಿತದ್ದನ್ನು ಒಮ್ಮೆಯೂ ಕೈಯಾರೆ ಕೆಡಿಸಿ, ಮತ್ತೆ ಸರಿಪಡಿಸಿ ನೋಡಿರಲಿಲ್ಲ.

ಕೋರ್ಸಿಗೆ ಸಾಲ ಮಾಡಬೇಡಿ, ಪದವಿ ಬಿಡಬೇಡಿ. ಮೈಎಸ್‌ಕ್ಯುಎಲ್ ಉಚಿತ. ಐನೂರು ಸಾಲು ತುಂಬಿಸಿ, ಬ್ಯಾಕಪ್ ತೆಗೆದು, ಬೇಕೆಂದೇ ಎಲ್ಲವನ್ನೂ ಅಳಿಸಿ, ಮರಳಿ ತನ್ನಿ. ಆಮೇಲೆ ಒಂದು ಬೆಳಿಗ್ಗೆ ನಿಮ್ಮೂರಿನ ಡೇರಿಗೆ ಹೋಗಿ, ಹಾಲು ಹಾಕಿ ಚೀಟಿ ಹಿಡಿದು ನಿಂತವರು ಅದರಲ್ಲಿ ಮೊದಲು ಯಾವ ಅಂಕಿಯನ್ನು ಹುಡುಕುತ್ತಾರೆಂದು ನೋಡಿ.