ಪ್ರಶ್ನೆ: ‘ಹೆಣ್ಣಿನ ಸ್ವಭಾವ ಹುಟ್ಟಿನಿಂದಲೇ ಬಂದದ್ದು’ ಅಂತ ನಮ್ಮ ಸಿನಿಮಾಗಳು ಹೇಳುತ್ತವೆಯೇ?
ಬಹುಪಾಲು ಹೌದು. ಬೈಕ್ ಏರಿ, ಎದುರು ಮಾತಾಡುತ್ತಾ ಬರುವ ನಾಯಕಿ ಕ್ಲೈಮ್ಯಾಕ್ಸ್ ಹೊತ್ತಿಗೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದಿರುತ್ತಾಳೆ. ಸ್ತ್ರೀವಾದ ಅಂದರೆ ತಾಳಿ ಬಿದ್ದ ಕೂಡಲೇ ಇಳಿಯುವ ಜ್ವರ ಅನ್ನೋ ಹಾಗೆ!

ಆದರೆ ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ‘ಶರಪಂಜರ’ ನೋಡಿ. ಹೆರಿಗೆಯ ನಂತರ ಕಾವೇರಿಗೆ ಬಂದ ಮಾನಸಿಕ ಕಾಯಿಲೆ ವಾಸಿಯಾಗುತ್ತದೆ. ಅವಳನ್ನು ಮತ್ತೆ ಆಸ್ಪತ್ರೆಗೆ ತಳ್ಳುವುದು ಗಂಡನ ಮೋಸ, ಸುತ್ತಲಿನವರ ಅನುಮಾನದ ನೋಟ.

ಚಿಂತಾಮಣಿಯ ನಮ್ಮ ಮನೆಯಲ್ಲಿ ಇದು ಟಿವಿಯಲ್ಲಿ ಬಂದಾಗ ಅಜ್ಜಿ ಅವರೆಕಾಯಿ ಸುಲಿಯುತ್ತಾ, “ಬಾಣಂತಿ ಸನ್ನಿ, ಹೆಂಗಸರ ಹಣೆಬರಹ” ಅಂದಿದ್ದರು. ಕೊನೆಯ ದೃಶ್ಯಕ್ಕೆ ಕೈ ನಿಂತಿತು. “ಸನ್ನಿ ಬಿಟ್ಟಿತ್ತಲ್ಲ, ಇವರೇ ಮತ್ತೆ ಹಿಡಿಸಿದ್ರು.”